ಬಾಗಿಲು ಅಡ್ಡಗಟ್ಟಿದವನಿಗೂ ಬಾಗಿಲು

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಒಂದು ಪದ್ಧತಿಯುಂಟು. ಗ್ರಂಥಕಾರನು ತನ್ನ ಸಿದ್ಧಾಂತವನ್ನು ಸ್ಥಾಪಿಸುವ ಮುನ್ನ ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ ನಿರೂಪಿಸುತ್ತಾನೆ. ಕೇಳದೆ ಮಾಡಿದ ಖಂಡನೆ ಖಂಡನೆಯೇ ಅಲ್ಲವೆಂಬುದು ಇದರ ತಿರುಳು. ಆದರೆ ಆ ಪೂರ್ವಪಕ್ಷವು ಕೇಳುಗನ ಮನುಷ್ಯತ್ವವನ್ನೇ ಅಲ್ಲಗಳೆಯುವಂತಿದ್ದರೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯವು ಹನ್ನೊಂದು ವರ್ಷಗಳ ಅಂತರದಲ್ಲಿ ಈ ಪ್ರಶ್ನೆಯನ್ನು ಎರಡು ಸಲ ಎದುರಿಸಿತು.

ಅಲಬಾಮಾ ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೇಸ್ ವರ್ಣಭೇದ ವ್ಯವಸ್ಥೆಯ ಕಟ್ಟಾ ಸಮರ್ಥಕ. 1963ರ ಜೂನ್ 11ರಂದು ಆತ ತನ್ನ ರಾಜ್ಯದ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡಲಾಗಿ ನಿಂತು, ದಾಖಲಾತಿಗೆ ಬಂದಿದ್ದ ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪುವರ್ಣೀಯ ವಿದ್ಯಾರ್ಥಿಗಳನ್ನು ತಡೆಯಲೆತ್ನಿಸಿದನು. ಕೇಂದ್ರ ಸರ್ಕಾರದ ಬಲಪ್ರಯೋಗಕ್ಕೆ ಮಣಿದು ಅದೇ ದಿನ ಹಿಂದೆ ಸರಿಯಬೇಕಾಯಿತು. ಸೆಪ್ಟೆಂಬರ್ 15ರಂದು ಅದೇ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಚರ್ಚೊಂದರಲ್ಲಿ ಬಾಂಬ್ ಸಿಡಿದು ನಾಲ್ವರು ಕಪ್ಪುವರ್ಣೀಯ ಬಾಲಕಿಯರು ಸತ್ತರು.

ಇಂತಹ ವ್ಯಾಲೇಸನನ್ನು ಯೇಲಿನ ವಿದ್ಯಾರ್ಥಿಸಂಘವೊಂದು ಭಾಷಣಕ್ಕೆ ಕರೆದಿತ್ತು. ಗಲಭೆಯ ಭೀತಿಯಿಂದಲೂ ಊರಿನ ಕಪ್ಪುವರ್ಣೀಯರಿಗೆ ನೋವಾಗುವುದೆಂಬ ಕಾರಣದಿಂದಲೂ ಹಂಗಾಮಿ ಅಧ್ಯಕ್ಷ ಕಿಂಗ್‌ಮನ್ ಬ್ರೂಸ್ಟರ್ ಆ ಆಹ್ವಾನವನ್ನು ಹಿಂತೆಗೆದುಕೊಳ್ಳಲು ಕೋರಿದರು. ವಿದ್ಯಾರ್ಥಿಗಳು ಒಪ್ಪಿದರು.

ಇದನ್ನು ಪ್ರತಿಭಟಿಸಿ ಬ್ರೂಸ್ಟರ್ ಅವರಿಗೆ ಪತ್ರ ಬರೆದವರಲ್ಲಿ ಯೇಲಿನ ಕಾನೂನು ಸಂಶೋಧನ ವಿದ್ಯಾರ್ಥಿನಿ ಪಾಲಿ ಮರ್ರಿ ಒಬ್ಬರು. ಅವರು ಕಪ್ಪುವರ್ಣೀಯರು, ಅವರ ಅಜ್ಜಿ ಗುಲಾಮಗಿರಿಯಲ್ಲಿ ಹುಟ್ಟಿದವರು. 1938ರಲ್ಲಿ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯವು ವರ್ಣದ ಕಾರಣಕ್ಕೆ ಅವರಿಗೆ ಪ್ರವೇಶ ನಿರಾಕರಿಸಿತ್ತು. 1940ರಲ್ಲಿ ವರ್ಜೀನಿಯಾದ ಬಸ್ಸೊಂದರಲ್ಲಿ ವರ್ಣಭೇದದ ನಿಯಮಕ್ಕೆ ತಲೆಬಾಗದೆ ಬಂಧನಕ್ಕೊಳಗಾಗಿದ್ದರು. ಅಂತಹವರು ವ್ಯಾಲೇಸನಿಗೆ ಮಾತನಾಡಲು ಅವಕಾಶ ಕೊಡಬೇಕೆಂದು ವಾದಿಸಿದರು. ಗಲಭೆಯಾದೀತೆಂಬ ಭಯವು ಒಬ್ಬನ ಹಕ್ಕನ್ನು ಕಸಿಯಲು ಸಾಕಾದ ಕಾರಣವಲ್ಲ ಎಂಬುದು ಅವರ ನಿಲುವು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪುವರ್ಣೀಯರನ್ನು ಶಾಲೆಗಳಿಂದ ದೂರವಿಡಲು ಮುಂದೊಡ್ಡುತ್ತಿದ್ದ ನೆಪವೂ ಅದೇ ಗಲಭೆಯ ಭಯವಾಗಿತ್ತು. ಆ ನೆಪವನ್ನು ವ್ಯಾಲೇಸನ ವಿಷಯದಲ್ಲಿ ಒಪ್ಪಿಕೊಂಡರೆ, ಮಲೋನ್ ಅವರ ವಿಷಯದಲ್ಲಿ ತಳ್ಳಿಹಾಕುವುದೆಂತು?

ಎರಡನೆಯ ಪ್ರಸಂಗ 1974ರ ಏಪ್ರಿಲ್ ತಿಂಗಳಿನದು. ಟ್ರಾನ್ಸಿಸ್ಟರಿನ ಸಂಶೋಧನೆಗಾಗಿ 1956ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಿದ್ದ ವಿಲಿಯಂ ಶಾಕ್ಲಿ, ಕಪ್ಪುವರ್ಣೀಯರು ಹುಟ್ಟಿನಿಂದಲೇ ಬುದ್ಧಿಯಲ್ಲಿ ಹಿಂದುಳಿದವರೆಂಬ ವಾದವನ್ನು ಹೊತ್ತು ಯೇಲಿಗೆ ಬಂದರು. ಅದನ್ನು ವಿರೋಧಿಸಿ ವಾದಿಸಲು ಪತ್ರಿಕೋದ್ಯಮಿ ವಿಲಿಯಂ ರಷರ್ ವೇದಿಕೆಯಲ್ಲಿದ್ದರು. ಸಭಿಕರ ಕೂಗು ಮತ್ತು ಚಪ್ಪಾಳೆಗಳ ಅಬ್ಬರದಲ್ಲಿ ಚರ್ಚೆ ನಡೆಯಲೇ ಇಲ್ಲ. ಶಾಕ್ಲಿಯ ವಾದದೊಡನೆ ಅದರ ಖಂಡನೆಯೂ ಮುಳುಗಿಹೋಯಿತು.

ಬಳಿಕ ನೇಮಕಗೊಂಡ ಸಮಿತಿಗೆ ಇತಿಹಾಸಕಾರ ಸಿ. ವ್ಯಾನ್ ವುಡ್‌ವರ್ಡ್ ಅಧ್ಯಕ್ಷರು. ವರ್ಣಭೇದದ ಕಾನೂನುಗಳು ಅನಾದಿಯಲ್ಲ, ಈಚಿನ ರಾಜಕೀಯದ ಸೃಷ್ಟಿ ಎಂದು 1955ರಲ್ಲಿ ಗ್ರಂಥ ಬರೆದು ತೋರಿಸಿದ್ದವರು ಅವರೇ. ಜ್ಞಾನಾನ್ವೇಷಣೆಯೇ ವಿಶ್ವವಿದ್ಯಾಲಯದ ಮುಖ್ಯ ಧರ್ಮವಾದ್ದರಿಂದ ಅಲ್ಲಿ ಮಾತಿನ ಸ್ವಾತಂತ್ರ್ಯಕ್ಕೆ ಅಗ್ರಸ್ಥಾನವೆಂದೂ, ಶಾಂತಿಯುತ ಪ್ರತಿಭಟನೆ ಸಲ್ಲುವುದಾದರೂ ಮಾತನ್ನೇ ತಡೆಯುವುದು ಸಲ್ಲದೆಂದೂ ಸಮಿತಿಯ ವರದಿ ಸಾರಿತು. ಸಮಿತಿಯಲ್ಲಿದ್ದ ವಿದ್ಯಾರ್ಥಿಯೊಬ್ಬರು ಇದನ್ನು ಒಪ್ಪಲಿಲ್ಲ. ದಲಿತವಾದ ಜನರ ಬಿಡುಗಡೆಯ ಮುಂದೆ ಮಾತಿನ ಸ್ವಾತಂತ್ರ್ಯವು ಕೆಲವೊಮ್ಮೆ ಹಿಂದೆ ಸರಿಯಬೇಕೆಂಬುದು ಅವರ ಮತ. ಆ ಭಿನ್ನಮತವೂ ವರದಿಯೊಡನೆಯೇ ಪ್ರಕಟವಾಯಿತು.

ಆ ಭಿನ್ನಮತವನ್ನು ಹಗುರವಾಗಿ ಕಾಣಲಾಗದು. ಅವಮಾನದ ಮಾತನ್ನು ಸಹಿಸಿಕೊಳ್ಳಿರೆಂದು, ಅದು ಎಂದೂ ತಾಗದವನು ತಾಗಿದವರಿಗೆ ಉಪದೇಶಿಸುವುದು ಸುಲಭ. ಮರ್ರಿಯವರ ಪತ್ರಕ್ಕೆ ತೂಕ ಬಂದುದು ಅವರು ತಾಗಿಸಿಕೊಂಡವರಾದುದರಿಂದ. ಅವರು ವ್ಯಾಲೇಸನನ್ನು ಕ್ಷಮಿಸಲಿಲ್ಲ, ಅವನ ಮತವನ್ನು ಗೌರವಿಸಲೂ ಇಲ್ಲ. ಅವನು ಬಾಗಿಲಲ್ಲಿ ನಿಂತು ಮಾಡಿದ ಕೆಲಸವನ್ನು ತಾವು ಮಾಡಲೊಪ್ಪಲಿಲ್ಲ, ಅಷ್ಟೆ.

1965ರಲ್ಲಿ ವಿವಿಯನ್ ಮಲೋನ್ ಅಲಬಾಮಾ ವಿಶ್ವವಿದ್ಯಾಲಯದ ಪ್ರಥಮ ಕಪ್ಪುವರ್ಣೀಯ ಪದವೀಧರೆಯಾದರು. ಅದೇ ವರ್ಷ ಪಾಲಿ ಮರ್ರಿ ಯೇಲಿನಿಂದ ಕಾನೂನಿನ ಡಾಕ್ಟರೇಟ್ ಪಡೆದರು.