ಹಕ್ಕಿ ಸಾರ್ವಜನಿಕರದು, ನೆಲ ಯಾರದು? ಅಮೆರಿಕದಲ್ಲಿ ಬೇಟೆಯ ಜಾಗ ಹುಡುಕುವ ಬಗೆ

ಬಯಲುಸೀಮೆಯ ಹೊಲದ ಬದುಗಳಲ್ಲಿ ಮುಂಜಾನೆ ಕೂಗುವ ಕೌಜುಗಕ್ಕೆ ನಮ್ಮಲ್ಲಿ ಕೋವಿ ಎತ್ತಿದರೆ ಸೆರೆಮನೆ ಕಾದಿರುತ್ತದೆ. ಅದೇ ಕೌಜುಗವನ್ನು ಅಮೆರಿಕದ ಹವಾಯಿ ದ್ವೀಪಗಳಲ್ಲಿ ಪರವಾನಗಿ ಪಡೆದವರು ಬೇಟೆಯ ಋತುವಿನಲ್ಲಿ ನಿರಾತಂಕವಾಗಿ ಹೊಡೆಯುತ್ತಾರೆ. ಹಕ್ಕಿ ಒಂದೇ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬೇಟೆಗೆಂದೇ ಭಾರತ ಉಪಖಂಡದ ಕೌಜುಗಗಳನ್ನು ಅಲ್ಲಿಗೆ ಒಯ್ದು ಬಿಡಲಾಯಿತು. ಬೇರೆಯಾಗಿರುವುದು ಕಾನೂನು ಮಾತ್ರ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲೂ ಸಣ್ಣಪುಟ್ಟ ಬೇಟೆಗೆ ಪರವಾನಗಿ ನೀಡುವ ಅವಕಾಶ ಮೊದಲಿಗೆ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಅಳಿಸಿಹಾಕಿತು. ಕಾಯ್ದೆಯ ದೃಷ್ಟಿಯಲ್ಲಿ ಗುಂಡು ಹಾರಿಸುವುದಷ್ಟೇ ಅಲ್ಲ, ಬಲೆ ಒಡ್ಡುವುದು, ಉರುಳು ಹಾಕುವುದು, ಮೊಟ್ಟೆ ಕೆಡಿಸುವುದು ಸಹ ‘ಬೇಟೆ’ಯೇ. ಜಮೀನು ಸ್ವಂತದ್ದಾಗಿದ್ದರೂ ವಿನಾಯಿತಿ ಇಲ್ಲ. ಕೋವಿಗೆ ಪರವಾನಗಿಯ ವಿನಾಯಿತಿ ಪಡೆದಿರುವ ಕೊಡವರಿಗೂ ಬೇಟೆಯ ವಿನಾಯಿತಿ ಇಲ್ಲ. ಕೈಲ್ ಮುಹೂರ್ತದ ದಿನ ಗುರಿ ಇಡುವುದು ತೆಂಗಿನಕಾಯಿಗೆ. ಹೀಗಾಗಿ ‘ಹಕ್ಕಿ ಬೇಟೆಗೆ ಎಲ್ಲಿಗೆ ಹೋಗಬೇಕು’ ಎಂಬ ಪ್ರಶ್ನೆಯೇ ನಮ್ಮಲ್ಲಿ ಏಳುವುದಿಲ್ಲ.

ಅಮೆರಿಕದಲ್ಲಿ ಮಾತ್ರ ಪ್ರತಿ ಶರತ್ಕಾಲದಲ್ಲಿ ಲಕ್ಷಾಂತರ ಮಂದಿಯನ್ನು ಕಾಡುವ ಪ್ರಶ್ನೆ ಇದು. ಪರವಾನಗಿ ಸಿಗುವುದು ಸುಲಭ, ಜಾಗ ಸಿಗುವುದು ಕಷ್ಟ. ಇದಕ್ಕೆ ಕಾರಣ ಆ ದೇಶದ ಒಂದು ವಿಚಿತ್ರ ಏರ್ಪಾಡು. ಕಾಡುಹಕ್ಕಿ ಯಾರ ಆಸ್ತಿಯೂ ಅಲ್ಲ. ಜನರ ಪರವಾಗಿ ರಾಜ್ಯ ಸರ್ಕಾರ ಅದರ ಪಾಲಕ. ಬೇಟೆಯ ಹಕ್ಕು ಜಮೀನುದಾರನ ಸೊತ್ತಾಗಿರುವ ಇಂಗ್ಲೆಂಡಿನ ಪದ್ಧತಿಗೆ ಇದು ವಿರುದ್ಧ. ಆದರೆ ಹಕ್ಕಿ ಕೂತ ನೆಲಕ್ಕೆ ಕಾಲಿಡಲು ನೆಲದ ಒಡೆಯನ ಅನುಮತಿ ಬೇಕೇ ಬೇಕು. ಹಕ್ಕಿ ಎಲ್ಲರದು, ನೆಲ ಒಬ್ಬನದು. ಈ ಎರಡರ ನಡುವಿನ ಬಿರುಕಿನಲ್ಲೇ ಅಲ್ಲಿನ ಶಿಕಾರಿಯ ಕಾನೂನು, ನಕ್ಷೆ, ವ್ಯಾಪಾರ, ವ್ಯಾಜ್ಯ ಎಲ್ಲವೂ ಹುಟ್ಟಿಕೊಂಡಿವೆ.

ಸರ್ಕಾರಿ ನೆಲ: ನಕ್ಷೆಯ ಬಣ್ಣಗಳು

ಮೊದಲಿಗೆ ಸರ್ಕಾರಿ ಭೂಮಿ. ಅಮೆರಿಕದ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಬ್ಯೂರೋ ಒಂದರ ಬಳಿಯೇ ಸುಮಾರು 24.5 ಕೋಟಿ ಎಕರೆ ನೆಲವಿದೆ. ಐದು ಕರ್ನಾಟಕಗಳಿಗೆ ಸಮನಾದ ಗೋಮಾಳ ಎಂದುಕೊಳ್ಳಬಹುದು. ಅರಣ್ಯ ಸೇವೆಯ ವಶದಲ್ಲಿ ಇನ್ನೂ 19.3 ಕೋಟಿ ಎಕರೆ. ಇವೆರಡರಲ್ಲೂ ನಿಷೇಧವಿಲ್ಲದ ಕಡೆಯೆಲ್ಲ ರಾಜ್ಯದ ಪರವಾನಗಿ ಹೊಂದಿದವರು ಬೇಟೆಯಾಡಬಹುದು. ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಬೇಟೆಗೆ ಅವಕಾಶವಿಲ್ಲ. ಬ್ಯೂರೋ ಮುದ್ರಿಸುವ ನಕ್ಷೆಗಳಲ್ಲಿ ತನ್ನ ನೆಲಕ್ಕೆ ಹಳದಿ, ರಾಷ್ಟ್ರೀಯ ಅರಣ್ಯಕ್ಕೆ ಹಸಿರು, ರಾಜ್ಯದ ನೆಲಕ್ಕೆ ನೀಲಿ, ಖಾಸಗಿಗೆ ಬಿಳಿ. ಈಗ ಇದೇ ಬಣ್ಣಗಳು ಜಮೀನುದಾರರ ಹೆಸರಿನ ಸಮೇತ ಮೊಬೈಲ್ ಫೋನಿನಲ್ಲೇ ಸಿಗುತ್ತವೆ. ನಮ್ಮ ಪಹಣಿ ಮತ್ತು ಗ್ರಾಮ ನಕ್ಷೆ ಒಂದಾಗಿ ಅಂಗೈಗೆ ಬಂದಂತೆ.

ಆದರೆ ಈ ಹಳದಿ ಬಣ್ಣದ ಬಹುಪಾಲು ಪಶ್ಚಿಮದ ಒಣ ರಾಜ್ಯಗಳಲ್ಲಿದೆ. ನೆವಾಡಾ ರಾಜ್ಯದ ಸುಮಾರು ಶೇ. 80ರಷ್ಟು ನೆಲ ಕೇಂದ್ರ ಸರ್ಕಾರದ್ದು. ಅಲ್ಲಿ ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಬದಲಿಗೆ ಬೆಟ್ಟ ಹತ್ತಬೇಕು. ಕಾರಣ, ಅಲ್ಲಿನ ಮುಖ್ಯ ಬೇಟೆಯ ಹಕ್ಕಿ ಚುಕಾರ್, ಕಡಿದಾದ ಕಲ್ಲುಗುಡ್ಡಗಳ ವಾಸಿ. ಇದೂ ನಮ್ಮ ಕಡೆಯದೇ. 1893ರಲ್ಲಿ ಕರಾಚಿಯಿಂದ ಇಲಿನಾಯ್ ರಾಜ್ಯಕ್ಕೆ ಐದಾರು ಜೋಡಿ ಹೋದದ್ದು ಮೊದಲ ಕಂತು. ಹಸಿರು ಬಯಲಿನ ಇಲಿನಾಯ್‌ನಲ್ಲಿ ನೆಲೆ ಕಾಣದ ಹಕ್ಕಿ, ನಂತರದ ದಶಕಗಳಲ್ಲಿ ತನ್ನ ತವರನ್ನು ಹೋಲುವ ನೆವಾಡಾದ ಬಂಜರಿನಲ್ಲಿ ಬೇರೂರಿತು. ಚುಕಾರ್‌ನ ಅಚ್ಚುಮೆಚ್ಚಿನ ಮೇವು ಚೀಟ್‌ಗ್ರಾಸ್ ಎಂಬ ಹುಲ್ಲು. ಅದೂ ಹೊರಗಿನಿಂದ ಬಂದು ಅಲ್ಲಿನ ಮೂಲ ಸಸ್ಯಗಳನ್ನು ತಿಂದುಹಾಕುತ್ತಿರುವ ಕಳೆ. ಈ ನೆಲದಲ್ಲಿ ಬೇಟೆಗಾರ ಮೊದಲು ಹುಡುಕುವುದು ಹಕ್ಕಿಯನ್ನಲ್ಲ, ನೀರನ್ನು. ಒಣ ದಿನಗಳಲ್ಲಿ ಹಕ್ಕಿಗಳು ಒರತೆಗಳ ಆಸುಪಾಸಿನಲ್ಲೇ ಉಳಿಯುತ್ತವೆ. ಅನುಭವಿಗಳು ನಕ್ಷೆಯಲ್ಲಿ ಮೊದಲು ಗುರುತು ಹಾಕುವುದು ಆ ನೀಲಿ ಚುಕ್ಕಿಗಳಿಗೆ.

ಬಾತುಕೋಳಿಗಳ ಲೆಕ್ಕ ಬೇರೆ. ವಲಸೆ ಹಕ್ಕಿಗಳು ದೇಶಗಳ ಗಡಿ ದಾಟುವುದರಿಂದ 1918ರ ಕಾಯ್ದೆಯ ಪ್ರಕಾರ ಅವು ಕೇಂದ್ರದ ಹಿಡಿತದಲ್ಲಿವೆ. 16 ವರ್ಷ ತುಂಬಿದ ಪ್ರತಿಯೊಬ್ಬ ಬಾತು ಬೇಟೆಗಾರನೂ ರಾಜ್ಯದ ಪರವಾನಗಿಯ ಜೊತೆಗೆ ‘ಡಕ್ ಸ್ಟ್ಯಾಂಪ್’ ಎಂಬ ಕೇಂದ್ರದ ಚೀಟಿ ಕೊಳ್ಳಬೇಕು. 1934ರಲ್ಲಿ ಒಂದು ಡಾಲರ್‌ಗೆ ಆರಂಭವಾದ ಇದರ ಬೆಲೆ 2015ರಿಂದ 25 ಡಾಲರ್. ಪ್ರತಿ ಡಾಲರ್‌ನ 98 ಸೆಂಟ್ ಜೌಗುನೆಲದ ಖರೀದಿ ಮತ್ತು ರಕ್ಷಣೆಗೆ ಹೋಗುತ್ತದೆ. ಬೇಟೆಯ ಗೊಡವೆಯೇ ಇಲ್ಲದ ಪಕ್ಷಿವೀಕ್ಷಕರೂ ಇದನ್ನು ಕೊಳ್ಳುವುದುಂಟು. ಮಿನ್ನೆಸೋಟಾ ಮತ್ತು ಡಕೋಟಾಗಳ ಕೆರೆಕುಂಟೆಗಳ ಸೀಮೆಯಲ್ಲಿ ಈ ಹಣದಿಂದ ಕೊಂಡ ನೂರಾರು ಸಣ್ಣ ತುಂಡು ನೆಲಗಳಿವೆ. ಮುಚ್ಚಲಾಗಿದೆ ಎಂಬ ಫಲಕ ಇಲ್ಲದಿದ್ದರೆ ಅವೆಲ್ಲ ಬೇಟೆಗೆ ಮುಕ್ತ. ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮಗಳದು ಇದಕ್ಕೆ ತದ್ವಿರುದ್ಧ ನಿಯಮ. ತೆರೆದಿದೆ ಎಂದು ಪ್ರಕಟಿಸದಿದ್ದರೆ ಮುಚ್ಚಿದೆ ಎಂದೇ ಅರ್ಥ. ಬಾತು ಬೇಟೆಗೆ 1991ರಿಂದ ದೇಶದಾದ್ಯಂತ ಸೀಸದ ಚರೆ ನಿಷಿದ್ಧ. ಕೆರೆಯ ತಳದಲ್ಲಿ ಉಳಿದ ಸೀಸವನ್ನು ಹರಳೆಂದು ನುಂಗಿ ಬಾತುಗಳು ವಿಷವೇರಿ ಸಾಯುತ್ತಿದ್ದುದೇ ಕಾರಣ.

ರಾಜ್ಯಗಳ ನೀಲಿ ಬಣ್ಣವನ್ನು ಮಾತ್ರ ಕಣ್ಣುಮುಚ್ಚಿ ನಂಬುವಂತಿಲ್ಲ. ಶಾಲೆಗಳ ಖರ್ಚಿಗೆಂದು ರಾಜ್ಯಗಳಿಗೆ ಬಿಟ್ಟುಕೊಟ್ಟ ನೆಲ ದಕ್ಷಿಣ ಡಕೋಟಾದಲ್ಲಿ ಬೇಟೆಗೆ ಮುಕ್ತವಾಗಿದ್ದರೆ, ಕೊಲರಾಡೋದಲ್ಲಿ ವನ್ಯಜೀವಿ ಇಲಾಖೆ ಗುತ್ತಿಗೆ ಪಡೆದ ತುಂಡುಗಳನ್ನು ಬಿಟ್ಟರೆ ಉಳಿದುದಕ್ಕೆ ಪ್ರವೇಶವಿಲ್ಲ.

ಮೂಲೆ ದಾಟಿದ ಮೊಕದ್ದಮೆ

ಸರ್ಕಾರಿ ನೆಲವಾದರೂ ತಲುಪಲಾಗದ ನೆಲ ಒಂದಿದೆ. 19ನೇ ಶತಮಾನದಲ್ಲಿ ರೈಲು ಮಾರ್ಗ ಹಾಕಲು ಕಂಪನಿಗಳಿಗೆ 640 ಎಕರೆಯ ಚೌಕಗಳನ್ನು ಒಂದು ಬಿಟ್ಟು ಒಂದರಂತೆ ಕೊಡಲಾಯಿತು. ಚದುರಂಗದ ಹಾಸಿನಲ್ಲಿ ಕಪ್ಪು ಮನೆ ಖಾಸಗಿ, ಬಿಳಿ ಮನೆ ಸರ್ಕಾರಿ ಎನ್ನುವ ಹಾಗೆ. ಸರ್ಕಾರಿ ಮನೆಗಳು ಪರಸ್ಪರ ಮೂಲೆಯಲ್ಲಷ್ಟೇ ಕೂಡುತ್ತವೆ. ಒಂದರಿಂದ ಇನ್ನೊಂದಕ್ಕೆ ಮೂಲೆಯ ಮೇಲೆ ಕಾಲಿಟ್ಟು ದಾಟಿದರೆ ಅದು ಅತಿಕ್ರಮಣವೇ?

2021ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಮಿಸೌರಿಯಿಂದ ಬಂದ ನಾಲ್ವರು ಬೇಟೆಗಾರರು ಉಕ್ಕಿನ ಏಣಿಯಿಟ್ಟು ಇಂಥ ಮೂಲೆಯನ್ನು ದಾಟಿದರು. ಖಾಸಗಿ ನೆಲವನ್ನು ಮುಟ್ಟಲೇ ಇಲ್ಲ. ಅದರ ಮೇಲಿನ ಗಾಳಿಯನ್ನಷ್ಟೇ ಹಾದರು. (ಅವರು ಬಂದದ್ದು ಎಲ್ಕ್ ಎಂಬ ಕಡವೆಯಂಥ ಪ್ರಾಣಿಗೆ, ಹಕ್ಕಿಗಲ್ಲ. ಆದರೆ ನಿಯಮ ಇಬ್ಬರಿಗೂ ಒಂದೇ.) ಕ್ರಿಮಿನಲ್ ಮೊಕದ್ದಮೆಯಲ್ಲಿ 2022ರಲ್ಲಿ ಅವರು ನಿರ್ದೋಷಿಗಳೆಂದು ತೀರ್ಮಾನವಾಯಿತು. ಜಮೀನುದಾರ ಹೂಡಿದ ಸಿವಿಲ್ ದಾವೆಯಲ್ಲೂ 2023ರಲ್ಲಿ ಅವರೇ ಗೆದ್ದರು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕ ನೆಲಕ್ಕೆ ಬೇಲಿ ಹಾಕುವುದನ್ನು ತಡೆಯುವ 1885ರ ಹಳೆಯ ಕಾಯ್ದೆಯನ್ನು ಆಧರಿಸಿ ಆ ತೀರ್ಪನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಆಲಿಸಲು ನಿರಾಕರಿಸಿತು. ಹತ್ತನೇ ಸರ್ಕ್ಯೂಟ್ ವ್ಯಾಪ್ತಿಯ ಆರು ರಾಜ್ಯಗಳಿಗೆ ಮಾತ್ರ ಈ ತೀರ್ಪು ಅನ್ವಯ. ಆ ವ್ಯಾಪ್ತಿಗೆ ಸೇರದ ಮೊಂಟಾನಾದಲ್ಲಿ ಏಣಿ ಹೊತ್ತವರು ಇನ್ನೂ ಯೋಚಿಸಬೇಕಾಗುತ್ತದೆ.

ಖಾಸಗಿ ನೆಲ: ಬಾಗಿಲು ತಟ್ಟುವ ವಿದ್ಯೆ

ಕೊಬ್ಬಿದ ಹಕ್ಕಿ ಇರುವುದು ಕಾಳು ಬೆಳೆಯುವ ಕಡೆ, ಕಾಳು ಬೆಳೆಯುವುದು ಖಾಸಗಿ ಜಮೀನಿನಲ್ಲಿ. ಆದ್ದರಿಂದ ದೇಶದ ಮಧ್ಯಭಾಗ ಮತ್ತು ದಕ್ಷಿಣದಲ್ಲಿ ಮಾಲೀಕನ ಒಪ್ಪಿಗೆಯೇ ಎಲ್ಲ. ಉತ್ತರ ಡಕೋಟಾದಲ್ಲಿ ‘ಪ್ರವೇಶವಿಲ್ಲ’ ಎಂಬ ಫಲಕವಿಲ್ಲದ ಹೊಲಕ್ಕೆ ಬೇಟೆಗಾರ ಹೋಗಬಹುದೆಂಬುದು ಹಳೆಯ ನಿಯಮ; 2021ರಿಂದ ಆ ಫಲಕವನ್ನು ಕಂಪ್ಯೂಟರ್ ಮೂಲಕವೂ ‘ನೆಡಬಹುದು’ ಎಂದಾದ ಮೇಲೆ, ಹೊಲದಲ್ಲಿ ಏನೂ ಕಾಣದಿದ್ದರೂ ನಕ್ಷೆ ನೋಡಿಯೇ ಹೆಜ್ಜೆಯಿಡಬೇಕು. ಪಕ್ಕದ ದಕ್ಷಿಣ ಡಕೋಟಾದಲ್ಲಿ ಫಲಕ ಇರಲಿ ಬಿಡಲಿ, ಅನುಮತಿ ಕಡ್ಡಾಯ. ಮಿಸೌರಿ, ಕನ್ಸಾಸ್, ಟೆಕ್ಸಾಸ್‌ಗಳಲ್ಲಿ ಮರದ ಕಾಂಡಕ್ಕೋ ಬೇಲಿಕಂಬಕ್ಕೋ ನೇರಳೆ ಬಣ್ಣ ಬಳಿದಿದ್ದರೆ ಅದೇ ಎಚ್ಚರಿಕೆ. ಫಲಕಗಳನ್ನು ಕಿತ್ತೊಯ್ಯುವವರು ಎಲ್ಲ ಊರಲ್ಲೂ ಇರುತ್ತಾರಷ್ಟೆ, ಬಣ್ಣವನ್ನು ಕೀಳಲಾಗದು.

ಅನುಮತಿ ಕೇಳುವ ಪದ್ಧತಿ ಇಂದಿಗೂ ಹಳೆಯದೇ. ಋತು ತೆರೆಯುವ ಎಷ್ಟೋ ವಾರಗಳ ಮೊದಲೇ, ಕೊಯ್ಲಿನ ಗಡಿಬಿಡಿ ಇಲ್ಲದ ಹೊತ್ತಿನಲ್ಲಿ ರೈತನ ಮನೆಗೆ ಹೋಗಬೇಕು. ಕೋವಿ ಕಾರಿನಲ್ಲೇ ಇರಬೇಕು. ಎಷ್ಟು ಜನ, ಯಾವ ದಿನ, ಎಷ್ಟು ನಾಯಿ ಎಂದು ಹೇಳಿ, ದನ ಎಲ್ಲಿ ಮೇಯುತ್ತವೆ, ಯಾವ ಗೇಟು ಮುಚ್ಚಿರಬೇಕು ಎಂದು ಕೇಳಿಕೊಳ್ಳಬೇಕು. ಬೇಟೆ ಮುಗಿದ ಮೇಲೆ ಸ್ವಚ್ಛ ಮಾಡಿದ ಎರಡು ಹಕ್ಕಿ ತಲುಪಿಸಿದವನಿಗೆ ಮುಂದಿನ ವರ್ಷದ ಬಾಗಿಲೂ ತೆರೆದಿರುತ್ತದೆ.

ಆದರೆ ಈ ಸೌಹಾರ್ದದ ಜಾಗವನ್ನು ದುಡ್ಡು ಆಕ್ರಮಿಸುತ್ತಿದೆ. ಶೇ. 95ರಷ್ಟು ನೆಲ ಖಾಸಗಿಯಾಗಿರುವ ಟೆಕ್ಸಾಸ್‌ನಲ್ಲಿ ಬಾಬ್‌ವೈಟ್ ಎಂಬ ಬುರ್ಲಿಹಕ್ಕಿಯ ಬೇಟೆ ಬಹುಮಟ್ಟಿಗೆ ವಾರ್ಷಿಕ ಗುತ್ತಿಗೆಯ ವ್ಯವಹಾರ. ಡಕೋಟಾದ ಬೇಟೆ ವಸತಿಗಳಲ್ಲಿ ದಿನಕ್ಕೆ ನೂರಾರು ಡಾಲರ್ ತೆರಬೇಕು. ಅಂಥ ಎಷ್ಟೋ ಕಡೆ ಸಾಕಿ ತಂದು ಬಿಟ್ಟ ಹಕ್ಕಿಗಳೇ ಹಾರುವುದು.

ಹಣವಿಲ್ಲದವರಿಗೂ ಜಾಗ ಸಿಗಲೆಂದು ಕೆಲವು ರಾಜ್ಯಗಳು ಒಂದು ನಡುದಾರಿ ಕಂಡುಕೊಂಡಿವೆ. ರೈತನಿಗೆ ಸರ್ಕಾರವೇ ಬಾಡಿಗೆ ಕೊಟ್ಟು, ಕಾಲ್ನಡಿಗೆಯಲ್ಲಿ ಬರುವ ಬೇಟೆಗಾರರಿಗೆಲ್ಲ ಆ ನೆಲವನ್ನು ತೆರೆಯುತ್ತದೆ. ಮೊಂಟಾನಾ 1985ರಲ್ಲಿ, ಕನ್ಸಾಸ್ 1995ರಲ್ಲಿ ಇದನ್ನು ಆರಂಭಿಸಿದವು. ಕನ್ಸಾಸ್‌ನಲ್ಲಿ ಈಗ ಹೀಗೆ ತೆರೆದಿರುವುದು 10 ಲಕ್ಷ ಎಕರೆಗೂ ಹೆಚ್ಚು. ಉತ್ತರ ಡಕೋಟಾದಲ್ಲಿ ಇಂಥ ಹೊಲಗಳಿಗೆ ಹಳದಿ ತ್ರಿಕೋನದ ಫಲಕ. ಮಿಷಿಗನ್‌ನಲ್ಲಿ ಮರದ ತೋಪಿನ ಕಂಪನಿಗಳಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ ಜನರಿಗೆ ಬೇಟೆಗೆ ಬಿಡಲೇಬೇಕು. ಅಲ್ಲಿ ರಫ್ಡ್ ಗ್ರೌಸ್ ಹುಡುಕುವವರು ಕಡಿದು ಹತ್ತಿಪ್ಪತ್ತು ವರ್ಷವಾದ ಆಸ್ಪೆನ್ ಮರಗಳ ಒತ್ತು ಪೊದೆಗಳಿಗೆ ನುಗ್ಗುತ್ತಾರೆ. ಹಳೆಯ ಘನವಾದ ಕಾಡು ನೋಡಲು ಚೆಂದ, ಗ್ರೌಸ್‌ಗೆ ಉಪಯೋಗವಿಲ್ಲ.

ಉಳುಮೆಗೆ ಸಿಕ್ಕ ಹುಲ್ಲು

ಹಕ್ಕಿ ಬೇಟೆಯ ರಾಜಧಾನಿ ಎನಿಸಿರುವುದು ದಕ್ಷಿಣ ಡಕೋಟಾ. ಅಲ್ಲಿ ಬೇಟೆಯಾಡುವ ಫೆಸೆಂಟ್ ಚೀನಾದ ಹಕ್ಕಿ. ಶಾಂಘೈನಲ್ಲಿದ್ದ ಅಮೆರಿಕದ ರಾಯಭಾರ ಅಧಿಕಾರಿ ಓವೆನ್ ಡೆನ್ನಿ 1881ರಲ್ಲಿ ಆರೆಗನ್‌ಗೆ ಕಳುಹಿಸಿದ ಹಕ್ಕಿಗಳಿಂದ ಅದರ ಅಮೆರಿಕದ ವಂಶ ಆರಂಭ. ದಕ್ಷಿಣ ಡಕೋಟಾ 1919ರಲ್ಲಿ ಮೊದಲ ಬೇಟೆ ಋತು ನಡೆಸಿ, 1943ರಲ್ಲಿ ಇದನ್ನೇ ರಾಜ್ಯಪಕ್ಷಿ ಮಾಡಿಕೊಂಡಿತು! ಹುಂಜಗಳನ್ನಷ್ಟೇ ಹೊಡೆಯಬೇಕು, ದಿನಕ್ಕೆ ಮೂರು ಮಾತ್ರ. ಅಲ್ಲಿ ಹಳ್ಳಿ ರಸ್ತೆಯ ಇಕ್ಕೆಲದ ಹುಲ್ಲುಪಟ್ಟಿಯೂ ಸಾರ್ವಜನಿಕ ಬೇಟೆಯ ಜಾಗ; ವಾಸದ ಮನೆ, ಶಾಲೆ, ಚರ್ಚು, ದನಕರುಗಳಿಂದ 660 ಅಡಿ ದೂರವಿರಬೇಕು.

2007ರಲ್ಲಿ ಆ ಒಂದು ರಾಜ್ಯದಲ್ಲೇ 20 ಲಕ್ಷ ಹುಂಜಗಳು ಬಿದ್ದವು. ಆರೇ ವರ್ಷದಲ್ಲಿ, 2013ರ ಹೊತ್ತಿಗೆ, ಆ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ಬೇಟೆ ಹೆಚ್ಚಾದದ್ದರಿಂದ ಅಲ್ಲ. ಹಿಂದಿನ ವರ್ಷದ ಬರ ಒಂದು ಕಾರಣ. ದೊಡ್ಡ ಕಾರಣ ನೇಗಿಲು. ಸವಕಳಿಯಾಗುವ ಹೊಲವನ್ನು ಉಳದೆ ಹುಲ್ಲಿಗೆ ಬಿಟ್ಟ ರೈತರಿಗೆ ಕೇಂದ್ರ ಸರ್ಕಾರ ಬಾಡಿಗೆ ಕೊಡುವ ಯೋಜನೆ 1985ರಿಂದಲೂ ಇದೆ. ಅದರಡಿ 2007ರಲ್ಲಿ ದೇಶದಲ್ಲಿ 3.68 ಕೋಟಿ ಎಕರೆ ಹುಲ್ಲುಗಾವಲಿತ್ತು. ಎಥನಾಲ್ ಬೇಡಿಕೆಯಿಂದ ಮುಸುಕಿನ ಜೋಳದ ಬೆಲೆ ಏರಿದ್ದೇ ತಡ, ಒಪ್ಪಂದ ಮುಗಿದ ರೈತರು ಹುಲ್ಲನ್ನು ಮಗುಚಿ ಜೋಳ ಬಿತ್ತಿದರು. 2020ರ ವೇಳೆಗೆ ಉಳಿದದ್ದು ಎರಡು ಕೋಟಿಯ ಆಸುಪಾಸು. ಹೆಣ್ಣು ಫೆಸೆಂಟ್ ಗೂಡು ಕಟ್ಟುವುದು ನೆಲದ ಮೇಲೆ, ಆ ಹುಲ್ಲಿನಲ್ಲೇ. ಹುಲ್ಲುಗಾವಲಿನ ಹಾಡುಹಕ್ಕಿಗಳೂ ಅದೇ ಹುಲ್ಲನ್ನು ನೆಚ್ಚಿಕೊಂಡಿವೆ.

ಸರ್ಕಾರಿ ನೆಲಕ್ಕೂ ಅಪಾಯ ಬಾರದಿಲ್ಲ. ಪಶ್ಚಿಮ ರಾಜ್ಯಗಳಲ್ಲಿ 20ರಿಂದ 30 ಲಕ್ಷ ಎಕರೆ ಕೇಂದ್ರದ ನೆಲ ಮಾರುವ ಪ್ರಸ್ತಾವ 2025ರ ಜೂನ್‌ನಲ್ಲಿ ಸೆನೆಟ್ ಮುಂದೆ ಬಂದಾಗ, ಪರಿಸರವಾದಿಗಳಷ್ಟೇ ಜೋರಾಗಿ ಬೇಟೆಗಾರರೂ ಎದ್ದು ನಿಂತರು. ಅದೇ ತಿಂಗಳು ಪ್ರಸ್ತಾವ ಹಿಂದೆ ಸರಿಯಿತು.

ಅಲ್ಲಿರುವ ಕನ್ನಡಿಗರ ಗಮನಕ್ಕೆ

ಗೆಳೆಯರ ಜೊತೆ ಶಿಕಾರಿಗೆ ಹೊರಡುವ ನಮ್ಮವರು ಒಂದು ವಿಷಯ ತಿಳಿದಿರುವುದು ಅಗತ್ಯ. ಎಚ್-1ಬಿ, ವಿದ್ಯಾರ್ಥಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ ಕೈಯಲ್ಲಿದ್ದವರಿಗೆ ವಿನಾಯಿತಿ ಇದೆ. ಸ್ನೇಹಿತನ ಕೋವಿಯನ್ನು ‘ಸುಮ್ಮನೆ ಒಮ್ಮೆ’ ಕೈಗೆ ತೆಗೆದುಕೊಂಡರೂ ಈ ಕಾನೂನು ತಗಲಬಹುದು, ವೀಸಾಕ್ಕೇ ಕುತ್ತು ಬರಬಹುದು. ಪರವಾನಗಿಗೆ ಮೊದಲು ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಬೇಕೆಂಬುದು ಬಹುತೇಕ ರಾಜ್ಯಗಳ ನಿಯಮ. ಆ ರಾಜ್ಯದ ನಿವಾಸಿಗಳಲ್ಲದವರಿಗೆ ಶುಲ್ಕವೂ ಹೆಚ್ಚು. ಪಾರಿವಾಳ, ಬಾತುಗಳಂಥ ವಲಸೆ ಹಕ್ಕಿಗಳ ಬೇಟೆಗೆ ಪ್ರತ್ಯೇಕ ನೋಂದಣಿಯೂ ಬೇಕು, ಅದು ಆಯಾ ರಾಜ್ಯದಲ್ಲಿ ಪ್ರತಿ ವರ್ಷ.