ಯಂತ್ರನಿಯಂತ್ರಣದಲ್ಲಿ ಸಹಸಂಸ್ಕಾರಕ: ಒಂದು ಚಾರಿತ್ರಿಕ ಪರಿಶೀಲನೆ

ಶಿರಸಿ ಸೀಮೆಯ ಹುಲಗೋಳದಂತಹ ಊರುಗಳಲ್ಲಿ ಹಸಿಯಡಿಕೆ ಸುಲಿದು ಬೇಯಿಸುವ ಕಾಲವನ್ನು ನೆನೆಯೋಣ. ಕೊಯ್ಲು, ಸುಲಿಯುವವರ ಲೆಕ್ಕ, ಬಂದವರ ಉಪಚಾರ ಇವೆಲ್ಲ ಯಜಮಾನನ ಪಾಲಿನವು. ಹಂಡೆಯ ಮುಂದೆ ಮಾತ್ರ ಬೇರೊಬ್ಬನಿರಬೇಕು. ಬೆಂದ ಅಡಿಕೆಯನ್ನು ತೆಗೆಯುವ ಹೊತ್ತು ಯಾರಿಗಾಗಿಯೂ ಕಾಯುವುದಿಲ್ಲ. ಯಂತ್ರಗಳನ್ನು ನಡೆಸುವ ಗಣಕಗಳ ಚರಿತ್ರೆಯಲ್ಲಿಯೂ ನಾವು ಇದೇ ಬಗೆಯ ಕಾರ್ಯವಿಭಾಗವನ್ನು ಕಾಣುತ್ತೇವೆ.

1991ರಲ್ಲಿ ಹುಟ್ಟಿದ ಲಿನಕ್ಸ್, ಅನೇಕ ಕಾರ್ಯಗಳಿಗೆ ಸರದಿಯಂತೆ ಹೊತ್ತು ಹಂಚುವ ವ್ಯವಸ್ಥೆ. ಯಂತ್ರದ ಉಳಿಯನ್ನು ಸರಿಸುವ ಸ್ಟೆಪ್ಪರ್ ಮೋಟಾರಿಗಾದರೋ ವಿದ್ಯುತ್ ಸ್ಪಂದಗಳು ಗೊತ್ತಾದ ಕ್ಷಣಕ್ಕೇ ತಲುಪಬೇಕು. ತಲುಪದಿದ್ದರೆ ಮೋಟಾರು ಹೆಜ್ಜೆ ತಪ್ಪಿ, ಉಳಿ ಗುರುತಿನಿಂದ ಸರಿದು, ಕೆಲಸ ಕೆಡುತ್ತದೆ. ಆದುದರಿಂದ ಇಲ್ಲಿ ವೇಗಕ್ಕಿಂತಲೂ ಕಾಲನಿಷ್ಠೆಯೇ ಮುಖ್ಯ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಆರಂಭವಾಗಿ, ಈಗ ಲಿನಕ್ಸ್‌ಸಿಎನ್‌ಸಿ ಎನಿಸಿರುವ ತಂತ್ರಾಂಶವು ಮಾರ್ಪಡಿಸಿದ ಲಿನಕ್ಸಿನಿಂದ ಈ ನಿಷ್ಠೆಯನ್ನು ಸಾಧಿಸಿತು. ಹಂಡೆಯ ಕರೆ ಬಂದೊಡನೆ ಯಜಮಾನನೇ ಮಿಕ್ಕ ಕೆಲಸ ಬಿಟ್ಟು ಓಡುವ ಉಪಾಯವಿದು.

2011ರಲ್ಲಿ ಬಂದ ಬೀಗಲ್‌ಬೋನ್ ಬೋರ್ಡು ಎರಡನೆಯ ಆಳನ್ನೇ ಒದಗಿಸಿತು. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಚಿಪ್ಪು ಇದರಲ್ಲಿದೆ. ಲಿನಕ್ಸನ್ನು ನಡೆಸುವ ಮುಖ್ಯ ಸಂಸ್ಕಾರಕದ ಮಗ್ಗುಲಲ್ಲಿಯೇ 200 ಮೆಗಾಹರ್ಟ್ಸ್‌ನ ಎರಡು ಕಿರು ಸಂಸ್ಕಾರಕಗಳಿವೆ. ಇವು ಬಹುಪಾಲು ಆದೇಶಗಳನ್ನು ತಲಾ 5 ನ್ಯಾನೊಸೆಕೆಂಡಿನಲ್ಲಿ ಮುಗಿಸುತ್ತವೆ. ಇವಕ್ಕೆ ಸರದಿಯ ಗೊಡವೆಯಿಲ್ಲ.

ಆದರೆ ಯಜಮಾನನ ಮಾತು ಈ ಆಳಿಗೆ ಮುಟ್ಟುವುದೆಂತು? ಮೊದಲ ಮಾರ್ಗವಾದ ಯುಐಒ, ಕಿರು ಸಂಸ್ಕಾರಕದ ಸ್ಮೃತಿಯನ್ನು ಬಳಕೆದಾರನ ಕೈಗೇ ಒಪ್ಪಿಸಿತು. ಸರಳ ನಿಜ, ಆದರೆ ತಪ್ಪಿನ ಹೊಣೆಯೂ ಅವನದೇ. 2012ರಲ್ಲಿ ಲಿನಕ್ಸಿಗೆ ಸೇರಿದ ರಿಮೋಟ್‌ಪ್ರಾಕ್ ಎಂಬ ಎರಡನೆಯ ಮಾರ್ಗದಲ್ಲಿ, ಸಹಸಂಸ್ಕಾರಕಕ್ಕೆ ಕಾರ್ಯಕ್ರಮವನ್ನು ತುಂಬುವುದೂ ಅದನ್ನು ನಡೆಸಿ ನಿಲ್ಲಿಸುವುದೂ ಲಿನಕ್ಸಿನ ತಿರುಳಿನ ಕೆಲಸವಾಯಿತು. ಆರ್‌ಪಿಎಂಎಸ್‌ಜಿ ಸಂದೇಶಗಳು ಸಂವಾದಕ್ಕೆ ಒದಗಿದವು. ಬೀಗಲ್‌ಬೋನಿನ ಬಳಕೆದಾರರು ಇದಕ್ಕೆ ಹೊರಳಿದಾಗ ಮೊದಲ ಮಾರ್ಗವನ್ನು ನಂಬಿದ್ದ ಕಾರ್ಯಕ್ರಮಗಳನ್ನು ತಿದ್ದಿ ಬರೆಯಬೇಕಾಯಿತು. ಚಿಪ್ಪು ಬದಲಾಗಲಿಲ್ಲ, ಬಾಗಿಲು ಬದಲಾಯಿತು.

ಸ್ಪಂದಗಳನ್ನೇ ಒಂದೊಂದಾಗಿ ಸಂದೇಶದ ಮೂಲಕ ಕಳುಹಿಸುವುದು ಸಲ್ಲದೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೂರ, ವೇಗಗಳನ್ನು ಲಿನಕ್ಸ್ ತಿಳಿಸಬೇಕು. ಸ್ಪಂದವನ್ನು ಸಹಸಂಸ್ಕಾರಕವೇ ಎಣಿಸಬೇಕು.

2024ರಲ್ಲಿ ಪ್ರಿಎಂಪ್ಟ್-ಆರ್‌ಟಿ ಲಿನಕ್ಸಿನ ಮುಖ್ಯಧಾರೆಗೆ ಸೇರಿ, ಯಜಮಾನನೂ ಮೊದಲಿಗಿಂತ ಕಾಲನಿಷ್ಠನಾಗಿದ್ದಾನೆ. ಆದರೂ ನ್ಯಾನೊಸೆಕೆಂಡಿನ ಲೆಕ್ಕ ಬಂದಲ್ಲಿ ಹಂಡೆಯ ಮುಂದಿನ ಆಳಿಗೆ ಬದಲಿಯಿಲ್ಲ. ಒಳಗೆ ಹೋಗುವ ಬಾಗಿಲು ತೆರೆದಿದ್ದು, ಅದರ ವಿವರಣೆ ಎಲ್ಲರಿಗೂ ದೊರೆಯುವಂತಿದ್ದರೆ ಮಾತ್ರ ಹುಲಗೋಳದಂತಹ ಊರಿನ ಸಣ್ಣ ಕಮ್ಮಟವೂ ತನ್ನ ಯಂತ್ರವನ್ನು ತಾನೇ ನಡೆಸೀತು, ತಾನೇ ದುರಸ್ತಿ ಮಾಡೀತು ಎಂಬುದು ನಮ್ಮ ಅಭಿಪ್ರಾಯ.