ಪಿಪೀಲಿಕಾಮ್ಲ: ಒಂದು ಹೆಸರಿನ ಚರಿತ್ರೆ

ಶಾಸ್ತ್ರಗಳಲ್ಲಿ ವಸ್ತುಗಳಿಗೆ ಹೆಸರಿಡುವ ಕ್ರಮ ಎರಡು ಬಗೆಯಾಗಿದೆ. ವಸ್ತುವು ಮೊದಲು ಎಲ್ಲಿ ದೊರೆಯಿತೋ ಆ ಮೂಲದಿಂದ ಹೆಸರಿಡುವುದು ಒಂದು. ಅದರ ರಚನೆಯನ್ನು ತಿಳಿದು ತದನುಸಾರವಾಗಿ ಹೆಸರಿಡುವುದು ಇನ್ನೊಂದು. ಮೊದಲನೆಯ ಬಗೆಯ ಹೆಸರು ನೆನಪಿನಲ್ಲಿ ಸುಲಭವಾಗಿ ನಿಲ್ಲುತ್ತದೆ. ಆದರೆ ಎಷ್ಟೋ ವೇಳೆ ದಾರಿಯನ್ನೂ ತಪ್ಪಿಸುತ್ತದೆ. ಇದಕ್ಕೆ ಫಾರ್ಮಿಕ್ ಆಮ್ಲವು ಒಳ್ಳೆಯ ನಿದರ್ಶನ. ಲ್ಯಾಟಿನ್ ಭಾಷೆಯಲ್ಲಿ ‘ಫಾರ್ಮಿಕ’ ಎಂದರೆ ಇರುವೆ. ಇದನ್ನನುಸರಿಸಿ ನಾವು ‘ಪಿಪೀಲಿಕಾಮ್ಲ’ವೆನ್ನಬಹುದು. ಹಾಗೆನ್ನುವ ಮೊದಲು ಈ ಹೆಸರು ಬಂದ ಬಗೆಯನ್ನೂ ಅದು ಮರೆಸುವ ಸಂಗತಿಗಳನ್ನೂ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಇರುವೆಯಲ್ಲಿ ಹುಳಿಯಿದೆಯೆಂಬುದನ್ನು ನಮ್ಮ ಮಲೆನಾಡಿನವರಿಗೆ ಗ್ರಂಥಗಳು ಕಲಿಸಬೇಕಾಗಿಲ್ಲ. ಎಲೆಗಳನ್ನು ಹೆಣೆದು ಮರದಲ್ಲಿ ಗೂಡುಕಟ್ಟುವ ಕೆಂಪು ಚಗಳಿಯನ್ನು ಅಲ್ಲಿ ಚಟ್ನಿಗೆ ಅರೆಯುವ ರೂಢಿಯುಂಟು; ಅದರ ಹುಳಿಗೆ ಮುಖ್ಯಕಾರಣ ಈ ಆಮ್ಲವೇ. ಯೂರೋಪಿನಲ್ಲಿಯೂ ಚಿಕೊರಿಯ ನೀಲಿ ಹೂವನ್ನು ಇರುವೆಗೂಡಿಗೆ ಎಸೆದರೆ ಅದು ಕೆಂಪಾಗುವುದೆಂಬುದನ್ನು ಹಳೆಯ ಸಸ್ಯಶಾಸ್ತ್ರಜ್ಞರು ಕಂಡಿದ್ದರು. ಇಂತಹ ಅನುಭವಗಳನ್ನು ಶಾಸ್ತ್ರದ ಕಕ್ಷೆಗೆ ತಂದವನು ಇಂಗ್ಲೆಂಡಿನ ಜಾನ್ ರೇ. 1671ರ ಫೆಬ್ರವರಿಯಲ್ಲಿ, ಅಂದರೆ ಆಗಿನ ಇಂಗ್ಲಿಷ್ ಗಣನೆಯಂತೆ 1670ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಪತ್ರವೊಂದು ಅಚ್ಚಾಯಿತು. ಇರುವೆಗಳನ್ನು ಬಟ್ಟಿಯಿಳಿಸಿದರೆ ವಿನಿಗರನ್ನು ಹೋಲುವ, ಮೂಗನ್ನು ಚುಚ್ಚುವಂತಹ ದ್ರವವು ಬರುವುದೆಂದು ತನ್ನ ಸ್ನೇಹಿತರು ನಡೆಸಿದ ಪ್ರಯೋಗಗಳನ್ನು ಅವನು ಅದರಲ್ಲಿ ವರದಿಮಾಡಿದ್ದಾನೆ.

ವಿನಿಗರನ್ನು ಹೋಲುವುದು ಸರಿ. ವಿನಿಗರೇ ಅಹುದೋ ಅಲ್ಲವೋ? ಮುಂದಿನ ನೂರೈವತ್ತು ವರ್ಷಗಳ ಚರ್ಚೆಯೆಲ್ಲವೂ ಈ ಪ್ರಶ್ನೆಯನ್ನೇ ಸುತ್ತಿತು. ಬರ್ಲಿನ್ನಿನ ಮಾರ್ಗ್ರಾಫ್ 1749ರಲ್ಲಿ ಇರುವೆಯ ಆಮ್ಲವನ್ನು ಶುದ್ಧಿಗೊಳಿಸಿ, ಅದು ವಿನಿಗರಿನ ಅಸೆಟಿಕ್ ಆಮ್ಲಕ್ಕಿಂತ ಬೇರೆಯೆಂದನು. 19ನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಫೂರ್ಕ್ರ್ವಾ ಮತ್ತು ವೋಕ್ಲ್ಯಾಂ ಎಂಬ ಪ್ರಸಿದ್ಧರು ಅದೊಂದು ಮಿಶ್ರಣವಷ್ಟೇ ಎಂದು ವಾದಿಸಿದರು. ಜರ್ಮನ್ ವಿದ್ವಾಂಸರು ಆ ವಾದವನ್ನು ಖಂಡಿಸಿ, ಇದು ಪ್ರತ್ಯೇಕವಾದ ಆಮ್ಲವೇ ಎಂಬುದನ್ನು ಸ್ಥಾಪಿಸಿದರು.

1822ರಲ್ಲಿ ಡ್ಯೋಬರೈನರ್ ಎಂಬ ಜರ್ಮನ್ ಪಂಡಿತನು ಟಾರ್ಟಾರಿಕ್ ಆಮ್ಲದಿಂದ ಇದನ್ನು ಪಡೆದನು. ಇರುವೆಯ ನೆರವಿಲ್ಲದೆ ಇರುವೆಯ ಆಮ್ಲ ಹುಟ್ಟಿತು! ಆದರೂ ಟಾರ್ಟಾರಿಕ್ ಆಮ್ಲವು ದ್ರಾಕ್ಷಿಯಿಂದ ಬಂದುದು. ಜೀವಿಗಳ ಪದಾರ್ಥವು ಜೀವಶಕ್ತಿಯಿಂದಲೇ ಆಗತಕ್ಕದ್ದೆಂಬ ನಂಬಿಕೆಗೆ ಇದರಿಂದ ಬಾಧೆಯಿರಲಿಲ್ಲ. ಆ ನಂಬಿಕೆಯು 1828ರಲ್ಲಿ ವ್ಯೋಲರ್ ಯೂರಿಯವನ್ನು ಮಾಡಿದಾಗಲೇ ಅಲುಗಾಡಿತ್ತು. 1855ರಲ್ಲಿ ಫ್ರಾನ್ಸಿನ ಬೆರ್ತೆಲೋ ಇಂಗಾಲದ ಮಾನಾಕ್ಸೈಡ್ ಅನಿಲವನ್ನು ಕಾಸ್ಟಿಕ್ ಪೊಟ್ಯಾಷಿನೊಡನೆ ಬಹುಕಾಲ ಕಾಯಿಸಿ ಈ ಆಮ್ಲದ ಲವಣವನ್ನು ತಯಾರಿಸಿದನು. ಇರುವೆಯ ಒಡಲಿನದೂ ಗಾಜಿನ ಬುರುಡೆಯದೂ ಒಂದೇ ವಸ್ತುವೆಂದಾಯಿತು. ಹೆಸರು ಉಳಿಯಿತು, ಹೆಸರಿನ ಆಧಾರ ಕಳಚಿತು.

ಇಂಗಾಲದ ಒಂದು, ಜಲಜನಕದ ಎರಡು, ಆಮ್ಲಜನಕದ ಎರಡು ಪರಮಾಣುಗಳಿರುವ ಇದು ತನ್ನ ಕುಲದ ಆಮ್ಲಗಳಲ್ಲೆಲ್ಲ ಚಿಕ್ಕದು. ಆದರೆ ಅಸೆಟಿಕ್ ಆಮ್ಲಕ್ಕಿಂತ ಸುಮಾರು 10 ಪಟ್ಟು ಪ್ರಬಲ. ಬಣ್ಣವಿಲ್ಲ, ವಾಸನೆ ಅತಿ ತೀಕ್ಷ್ಣ. ಸುಮಾರು 8 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುತ್ತದೆ. 101 ಡಿಗ್ರಿಯ ಸಮೀಪದಲ್ಲಿ ಕುದಿಯುತ್ತದೆ. ನೀರಿನ ಕುದಿಬಿಂದುವೂ ಅದೇ ಸುಮಾರಿನದಾದುದರಿಂದ ಬರಿಯ ಬಟ್ಟಿಯಿಳಿಸುವಿಕೆಯಿಂದ ಇವೆರಡನ್ನು ಪೂರ್ಣವಾಗಿ ಬೇರ್ಪಡಿಸಲಾಗದು. ಬೆಳ್ಳಿಯ ಲವಣದಿಂದ ಬೆಳ್ಳಿಯನ್ನು ಹೊರಗೆಡಹುವ ಶಕ್ತಿ ಇದಕ್ಕುಂಟು, ಅಸೆಟಿಕ್ ಆಮ್ಲಕ್ಕಿಲ್ಲ. ಹಳೆಯ ಸಂದೇಹವನ್ನು ಇಂದಿನ ವಿದ್ಯಾರ್ಥಿಯು ಈ ಪರೀಕ್ಷೆಯೊಂದರಿಂದಲೇ ಪರಿಹರಿಸಿಕೊಳ್ಳಬಹುದು.

ಇನ್ನು ಹೆಸರು ತರುವ ಭ್ರಾಂತಿ. ಇರುವೆಯ ಹೆಸರಿರುವುದರಿಂದ ಕಚ್ಚುವ, ಚುಚ್ಚುವ ಜೀವಿಗಳ ಉರಿಗೆಲ್ಲ ಇದೇ ಕಾರಣವೆಂದು ಪಾಠಪುಸ್ತಕಗಳು ಹೇಳಿಕೊಂಡು ಬಂದಿವೆ. ಚಗಳಿಯು ಕೊಂಡಿಯಿಲ್ಲದ ಇರುವೆ. ಅದು ಕಚ್ಚಿದ ಗಾಯಕ್ಕೆ ಆಮ್ಲವನ್ನು ಚಿಮ್ಮುತ್ತದೆ. ಆದರೆ ಎಲ್ಲ ಇರುವೆಗಳಲ್ಲಿಯೂ ಇದಿಲ್ಲ. ಜೇನಿನ ಕೊಂಡಿಯ ನೋವಿಗೆ ಮುಖ್ಯಕಾರಣ ಬೇರೊಂದು ವಿಷ; ತುರಚೆಗಿಡದ ಉರಿಗೂ ಬೇರೆ ದ್ರವ್ಯಗಳೇ ಪ್ರಧಾನ.

ಇದಕ್ಕಿಂತ ಗುರುತರವಾದುದು ಹೆಸರು ಸೂಚಿಸದೆ ಬಿಡುವ ಅಪಾಯ. ದಕ್ಷಿಣ ಕನ್ನಡದ ರಬ್ಬರು ತೋಟಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸಲು ಈ ಆಮ್ಲವನ್ನು ನೀರಿನಲ್ಲಿ ತೆಳುಮಾಡಿ ಬಳಸುತ್ತಾರೆ. ಚರ್ಮ ಹದಮಾಡುವುದಕ್ಕೂ, ಶೀತದೇಶಗಳಲ್ಲಿ ಹಸಿಮೇವು ಕೆಡದಂತೆ ಇಡುವುದಕ್ಕೂ ಇದು ಬೇಕು. ತೆಳುಮಾಡದ ಆಮ್ಲವು ಇರುವೆಯ ಕಡಿತವಲ್ಲ. ಮೈಗೆ ತಗಲಿದರೆ ಬೊಬ್ಬೆಯೇಳುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಹಾನಿ. ಒಡನೆಯೇ ಧಾರಾಳವಾದ ನೀರಿನಿಂದ ಬಹಳ ಹೊತ್ತು ತೊಳೆಯಬೇಕು. ಮುಚ್ಚಿಟ್ಟ ಸೀಸೆಯಲ್ಲಿಯೂ ಅದು ಮೆಲ್ಲನೆ ಒಡೆದು ವಿಷಾನಿಲವಾದ ಮಾನಾಕ್ಸೈಡನ್ನು ಬಿಡುತ್ತದೆ. ಬೆರ್ತೆಲೋ ಯಾವುದರಿಂದ ಅದನ್ನು ಕಟ್ಟಿದನೋ ಅದಕ್ಕೇ ಮರಳುತ್ತದೆ.

ಆಮ್ಲವನ್ನು ಮುಟ್ಟದವರನ್ನೂ ಅದು ಕುರುಡಾಗಿಸಬಲ್ಲದು. ಕಳ್ಳಭಟ್ಟಿಯಲ್ಲಿ ಬೆರೆತ ಮೀಥೈಲ್ ಆಲ್ಕೊಹಾಲು ದೇಹದೊಳಗೆ ಪರಿವರ್ತನೆಹೊಂದಿ ಕೊನೆಗೆ ಈ ಆಮ್ಲವೇ ಆಗುತ್ತದೆ. ಜೀವಕಣಗಳ ಉಸಿರಾಟವನ್ನು ತಡೆದು ಕಣ್ಣಿನ ನರವನ್ನು ಕೆಡಿಸುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಅಂತಹ ಮದ್ಯವನ್ನು ಕುಡಿದು ನೂರಾರು ಬಡಜನರು ಸತ್ತರು. ಇರುವೆಯ ಹೆಸರು ಹೊತ್ತ ವಸ್ತುವಿಗೂ ಆ ದುರಂತಕ್ಕೂ ಇರುವ ಸಂಬಂಧವನ್ನು ಹೆಸರಿನಿಂದ ಯಾರೂ ಊಹಿಸಲಾರರು.

ಹಾಗೆಂದು ಹಳೆಯ ಹೆಸರನ್ನು ಕೈಬಿಡಬೇಕೆಂದು ನಮ್ಮ ಅಭಿಪ್ರಾಯವಲ್ಲ. ಇರುವೆಗೂಡಿಗೆ ಬಿದ್ದ ನೀಲಿ ಹೂವಿನಿಂದ ಬೆರ್ತೆಲೋವಿನ ಬುರುಡೆಯವರೆಗಿನ ಎಲ್ಲ ಶ್ರಮವನ್ನೂ ಅದು ನೆನಪಿಗೆ ತರುತ್ತದೆ. ಆದರೆ ಪಾಠಹೇಳುವವರು ‘ಇರುವೆಯಿಂದ ಬಂದುದು’ ಎಂಬಲ್ಲಿಗೆ ನಿಲ್ಲಿಸಬಾರದು. ಪದದ ವ್ಯುತ್ಪತ್ತಿಯನ್ನು ಅರಿತ ಮಾತ್ರಕ್ಕೆ ಪದಾರ್ಥವನ್ನು ಅರಿತಂತಾಗುವುದಿಲ್ಲ.